ಬಿಡು ಅಂದವನು ನಾನು

ಹತ್ತೊಂಬತ್ತು ವರ್ಷಗಳ ಹಿಂದೆ, ನಮ್ಮ ಮನೆಯ ಹಿತ್ತಲಲ್ಲಿ, ಚೂರಿ ಹಿಡಿದು ಗೆರೆಯ ಮೇಲೆ ನಿಂತ ನನ್ನ ಮಗಳಿಗೆ ‘ಬಿಡು’ ಅಂದವನು ನಾನು. ಎಸೆ, ನಮ್ಮ ಕಡೆಯ ಮಾತಿನಲ್ಲಿ ‘ಒಗಿ’, ಎನ್ನುವ ಅರ್ಥದಲ್ಲೇ ಅಂದೆ. ಬೇರೆ ಯಾವ ಅರ್ಥವೂ ಆ ಹೊತ್ತಿಗೆ ನನ್ನ ತಲೆಯಲ್ಲಿ ಇರಲಿಲ್ಲ. ಆಮೇಲೆ ಊರಿಗೆಲ್ಲ ಬೇರೆ ಅರ್ಥ ಹೇಳಿದೆ — ‘ಬ್ಯಾಡ, ಬಿಡು ಅಂದಿದ್ದೆ, ಹುಡುಗಿ ಒಗಿ ಅಂತ ತಿಳಕೊಂಡ್ಲು’ ಅಂತ. ಅದು ಸುಳ್ಳು. ನಿಜ ಹೇಳಬೇಕೆಂದರೆ ಹೇಳುವುದು ಇಲ್ಲಿಗೇ ಮುಗಿಯಿತು. ಆದರೆ ಮಗಳು ಇಷ್ಟಕ್ಕೇ ಬಿಟ್ಟಿಲ್ಲ, ಪೂರ್ತಿ ಹೇಳಬೇಕು ಅಂದಿದ್ದಾಳೆ. ಪೂರ್ತಿ ಹೇಳುತ್ತೇನೆ.

ನಾನು ನಿವೃತ್ತ ಡ್ರಿಲ್ ಮಾಸ್ತರ. ಮನೆ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ. ಸುತ್ತಲಿನ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಸೀಟಿ ಊದಿದ್ದೇನೆ. ಗೆರೆಯಿಂದ ಹೆಬ್ಬೆರಳು ಆಚೆ ಹೋದರೂ ‘ಫೌಲ್’ ಅನ್ನುತ್ತಿದ್ದೆ. ದೊಡ್ಡವರ ಮನೆಯ ಹುಡುಗ ಅಂತ ನೋಡಲಿಲ್ಲ, ಸ್ವಂತ ಮಗಳು ಅಂತಲೂ ನೋಡಲಿಲ್ಲ. ಊರಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ — ಜಂಬವೂ ಇದೆ, ಇರಲಿ — ಸುಳ್ಳು ಯಾಕೆ ಅಷ್ಟು ಸಲೀಸಾಗಿ ನಡೆದುಹೋಯಿತು ಎಂದು ತಿಳಿಯಬೇಕಾದರೆ ಇದು ಗೊತ್ತಿರಬೇಕು. ಬೇರೆ ಯಾರಾದರೂ ಆ ಮಾತು ಹೇಳಿದ್ದರೆ ಜನ ಎರಡು ಪ್ರಶ್ನೆ ಕೇಳುತ್ತಿದ್ದರು. ನನ್ನನ್ನು ಒಬ್ಬರೂ ಕೇಳಲಿಲ್ಲ.

ಮಗಳ ಹೆಸರು ಕಸ್ತೂರಿ. ಒಬ್ಬಳೇ ಮಗಳು. ಹದಿಮೂರು ವರ್ಷದವಳಿದ್ದಾಗ ಟಿವಿಯಲ್ಲಿ ಯಾರೋ ಚೂರಿ ಎಸೆಯುವುದನ್ನು ನೋಡಿ, ನನ್ನ ಸ್ಕ್ರೂಡ್ರೈವರ್ ತೆಗೆದುಕೊಂಡು ಬಚ್ಚಲುಮನೆಯ ಬಾಗಿಲಿಗೆ ಎಸೆಯಲು ಶುರುಮಾಡಿದ್ದಳು. ಬಾಗಿಲ ತುಂಬ ತೂತು. ನನ್ನ ಹೆಂಡತಿ ನೀಲವ್ವ ಮನೆ ಹಾರಿಹೋಗುವಂತೆ ಕೂಗಿದಳು: ‘ಬರ್ರಿ ಇಲ್ಲೆ, ನೋಡ್ರಿ ನಿಮ್ಮ ಮಗಳ ಪರಾಕ್ರಮ!’ ನಾನು ಕೈ ಎತ್ತಿಕೊಂಡೇ ಹೋದೆ. ತೂತುಗಳನ್ನು ನೋಡಿದೆ. ಹದಿನಾಲ್ಕು ಇದ್ದವು, ಅದರಲ್ಲಿ ಹನ್ನೊಂದು ಒಂದು ಅಂಗೈ ಅಗಲದೊಳಗೆ. ಎತ್ತಿದ ಕೈ ತಾನಾಗಿ ಇಳಿಯಿತು.

‘ಎಷ್ಟು ಹೆಜ್ಜಿ ದೂರದಿಂದ ಒಗದಿ?’ ಅಂದೆ.

ಅವಳು ಬೈಗುಳಕ್ಕೆ ತಯಾರಾಗಿ ನಿಂತಿದ್ದಳು. ಪ್ರಶ್ನೆ ಕೇಳಿ ಕಣ್ಣು ಪಿಳಿಪಿಳಿ ಬಿಟ್ಟಳು. ‘ಎಣಿಸಿಲ್ರಿ ಅಪ್ಪಾ.’

‘ಎಣಿಸದ ಒಗದ್ರ ಅದಕ್ಕ ಹುಚ್ಚಾಟ ಅಂತಾರ. ಎಣಿಸಿ ಒಗದ್ರ ಆಟ ಅಂತಾರ.’

ಹಾಗೆ ಶುರುವಾಯಿತು. ರಾಮದುರ್ಗದ ಒಬ್ಬ ಕಮ್ಮಾರನಿಗೆ ಹೇಳಿ ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಆರು ಚೂರಿ ಮಾಡಿಸಿದೆ. ಅಲಗಿನಿಂದ ಹಿಡಿಯವರೆಗೆ ಒಂದೇ ತುಂಡು. ಅಂಚು ಮೊಂಡು, ತುದಿ ಮಾತ್ರ ಚೂಪು. ಕಮ್ಮಾರ ಅದನ್ನು ಕೈಯಲ್ಲಿ ತೂಗಿ ನೋಡಿ, ‘ಮಾಸ್ತರ, ಇದರಾಗ ಉಳ್ಳಾಗಡ್ಡಿ ಸೈತ ಹೆಚ್ಚಾಕ ಬರಂಗಿಲ್ರಿ, ಯಾತಕ್ಕರಿ ಇದು?’ ಅಂತ ನಕ್ಕ. ಮಾವಿನ ಮರದ ಬೊಡ್ಡೆಯನ್ನು ಅಡ್ಡ ಕೊಯ್ಸಿ ದುಂಡನೆಯ ಹಲಗೆ ಮಾಡಿದೆ. ಹಿಂದಿನ ದಿನವೇ ಅದಕ್ಕೆ ನೀರು ಹಾಕಿ ನೆನೆಸಬೇಕು. ಒಣಗಿದರೆ ಚೂರಿ ನಾಟುವುದಿಲ್ಲ. ಆ ನೀರು ಹಾಕುವ ಕೆಲಸ ಕಸ್ತೂರಿಯದು. ಶಾಲೆಯ ಪಾಠ ಮರೆತಾಳು, ಇದನ್ನು ಒಂದು ದಿನವೂ ಮರೆಯಲಿಲ್ಲ.

ಏಳು ಹೆಜ್ಜೆಯ ಮೇಲೆ ಸುಣ್ಣದ ಗೆರೆ. ಅಲ್ಲಿಂದ ಎಸೆದರೆ ಚೂರಿ ಗಾಳಿಯಲ್ಲಿ ಒಂದೇ ಸುತ್ತು ತಿರುಗಿ ತುದಿಯಿಂದ ನಾಟುತ್ತದೆ. ಗೇಣು ಹಿಂದೆ ನಿಂತರೆ ಅಥವಾ ಕೈ ಒಂದು ಕ್ಷಣ ತಡವರಿಸಿದರೆ ಸುತ್ತು ತಪ್ಪುತ್ತದೆ — ಹಿಡಿ ಹೋಗಿ ಬಡಿಯುತ್ತದೆ, ಚೂರಿ ಪುಟಿದು ಎತ್ತಲೋ ಹಾರುತ್ತದೆ. ಅದಕ್ಕಾಗಿ ಹಲಗೆಯ ಸುತ್ತ ಹಗ್ಗ ಕಟ್ಟಿದ್ದೆ. ಹಗ್ಗದೊಳಗೆ ಕೋಳಿಯೂ ಬರಬಾರದು.

ಇನ್ನು ನಿಯಮ. ನಿಯಮ ಮಾಡುವುದು ನನಗೆ ಊಟದಷ್ಟೇ ಇಷ್ಟ. ಎಸೆಯುವವರ ಕಣ್ಣು ಹಲಗೆಯ ಮೇಲಿನ ಅರಿಸಿನದ ಬೊಟ್ಟನ್ನು ಬಿಟ್ಟು ಎಲ್ಲಿಯೂ ಹೋಗಬಾರದು. ಹಾಗಾದರೆ ಸುತ್ತಮುತ್ತ ನೋಡುವವರು ಯಾರು? ಇನ್ನೊಬ್ಬರು. ಒಬ್ಬರು ಕೈ, ಇನ್ನೊಬ್ಬರು ಕಣ್ಣು. ಕೈ ಆದವರು ಕೇಳಬೇಕು: ‘ಬಿಡ್ಲ್ಯಾ?’ ಕಣ್ಣಾದವರು ಅತ್ತ ಇತ್ತ ನೋಡಿ, ಜಾಗ ಖಾಲಿ ಇದ್ದರೆ ‘ಬಿಡು’ ಅನ್ನಬೇಕು. ಇಲ್ಲದಿದ್ದರೆ ‘ತಡಿ’. ಈ ಎರಡು ಮಾತು ಬಿಟ್ಟು ಗೆರೆಯ ಮೇಲೆ ಮೂರನೆಯ ಮಾತಿಲ್ಲ.

ಆ ‘ಬಿಡು’ ಅನ್ನುವುದನ್ನು ಆರಿಸಿದವನೂ ನಾನೇ. ಕಸ್ತೂರಿ ‘ಒಗಿ’ ಅಂತ ಇಟ್ಟುಕೊಳ್ಳೋಣ ಅಂದಿದ್ದಳು. ನಾನು ನಕ್ಕೆ. ‘ಒಗಿ ಅಂದ್ರ ಅರಿವಿ ಒಗದಂಗ ಆಗತೈತಿ. ಬಾಣಾ ಬಿಡತಾರ, ಒಗೀತಾರೇನು? ಬಿಡು ಅನ್ನೂಣು, ಅದರಾಗ ಒಂದು ತೂಕ ಐತಿ.’ ಅವಳು ಒಂದು ಕ್ಷಣ ಯೋಚಿಸಿ, ‘ಅವ್ವ ಮುಂಜಾನಿಂದ ಸಂಜೀತನಕ ಹೋಗ್ಲಿ ಬಿಡು, ಇರಲಿ ಬಿಡು ಅಂತಿರತಾಳಲ್ರಿ, ಗೊಂದಲ ಆಗತೈತಿ’ ಅಂದಳು. ಹದಿಮೂರು ವರ್ಷದ ಹುಡುಗಿಗೆ ಕಂಡದ್ದು ನನಗೆ ಕಾಣಲಿಲ್ಲ. ‘ಮಾಸ್ತರ ಯಾರು, ನೀನೋ ನಾನೋ?’ ಅಂದೆ. ಅಲ್ಲಿಗೆ ಮುಗಿಯಿತು.

ಮೂರು ವರ್ಷ — ಆ ಮೂರು ವರ್ಷ ನನ್ನ ಬದುಕಿನ ಒಳ್ಳೆಯ ವರ್ಷಗಳು. ಶಾಲೆಯಲ್ಲಿ ಅವಳಿಗೆ ನಾನು ‘ಸರ್’. ಮನೆಯಲ್ಲಿ ನಾನು ಸಿಡುಕ. ತಂದೆ ಮಗಳು ಎದುರು ಕೂತು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಸಂಜೆಯ ಆ ಅರ್ಧ ತಾಸು ಮಾತ್ರ ‘ಬಿಡ್ಲ್ಯಾ?’, ‘ಬಿಡು’, ‘ಬಿಡ್ಲ್ಯಾ?’, ‘ಬಿಡು’. ಹೊರಗಿನವರಿಗೆ ಅದರಲ್ಲಿ ಏನು ಕೇಳಿಸೀತು? ನನಗೆ ಅವಳ ದನಿಯಲ್ಲೇ ಎಲ್ಲ ತಿಳಿಯುತ್ತಿತ್ತು — ಇವತ್ತು ಪರೀಕ್ಷೆ ಸರಿಯಾಗಿಲ್ಲ, ಇವತ್ತು ಗೆಳತಿಯೊಂದಿಗೆ ಜಗಳವಾಗಿದೆ, ಇವತ್ತು ಬಹಳ ಖುಷಿಯಲ್ಲಿದ್ದಾಳೆ. ದನಿ ಕೇಳಿ ಮಗಳನ್ನು ಓದುತ್ತೇನೆ ಎಂದು ಹೆಮ್ಮೆ ಪಡುತ್ತಿದ್ದೆ. ಈ ಹೆಮ್ಮೆಯನ್ನು ನೆನಪಿಡಿ.

ಇನ್ನೊಂದು ಹೆಮ್ಮೆ ಇತ್ತು. ಹಲಗೆಗೆ ಬೆನ್ನು ಮಾಡಿ ನಿಂತು, ಸದ್ದು ಕೇಳಿಯೇ ಚೂರಿ ಹೇಗೆ ಬಿತ್ತೆಂದು ಹೇಳಿಬಿಡುತ್ತಿದ್ದೆ. ತುದಿ ನಾಟಿದರೆ ‘ಟಕ್’. ಹಿಡಿ ಬಡಿದರೆ ‘ಠಣ್’. ಮನೆಗೆ ಬಂದವರ ಮುಂದೆ ಈ ಕರಾಮತ್ತು ತೋರಿಸದೆ ಕಳಿಸಿದವನಲ್ಲ. ಬೆನ್ನು ಮಾಡಿ ನಿಂತ ಕಣ್ಣು ಎಂಥ ಕಣ್ಣು? ಈ ಪ್ರಶ್ನೆ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಕಸ್ತೂರಿಯ ತೋಳು ನನ್ನ ತೋಳಿಗಿಂತ ಚೆನ್ನಾಗಿತ್ತು. ಈಟಿ ಎಸೆತದಲ್ಲಿ ಜಿಲ್ಲೆಯವರೆಗೆ ಹೋಗಿ ಬಂದಿದ್ದಳು. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದಬೇಕು, ಆಮೇಲೆ ಬಿ.ಪಿ.ಎಡ್. ಮಾಡಬೇಕು, ನನ್ನ ಹಾಗೆಯೇ ಸೀಟಿ ಕೊರಳಿಗೆ ಹಾಕಿಕೊಳ್ಳಬೇಕು — ಇದು ಅವಳೇ ಹೇಳಿದ್ದು, ನಾನು ಹೇರಿದ್ದಲ್ಲ. ‘ನಿಮ್ಮಕಿಂತ ಜೋರು ಸೀಟಿ ಊದತೇನಿ ನೋಡ್ರಿ’ ಅನ್ನುತ್ತಿದ್ದಳು.

ಈಗ ಆ ದಿನ.

ಭಾನುವಾರ, ಬೆಳಿಗ್ಗೆ ಹತ್ತರ ಹೊತ್ತು. ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದ ಹೆಡ್‌ಮಾಸ್ತರರು ಮನೆಗೆ ಬಂದಿದ್ದರು. ಸವದತ್ತಿಯ ಕಡೆಯವರು, ಮೆದು ಮಾತಿನವರು. ಚಹಾ ಆಯಿತು. ನಾನು ಸುಮ್ಮನಿರಬೇಕಲ್ಲ! ‘ಬರ್ರಿ ಸರ್, ಒಂದು ಮಜಾ ತೋರಸ್ತೇನಿ’ ಅಂತ ಹಿತ್ತಲಿಗೆ ಕರೆದುಕೊಂಡು ಹೋದೆ. ಕಸ್ತೂರಿ ಆಗ ಹದಿನಾರರವಳು. ಎರಡು ಜಡೆಯನ್ನು ಮೇಲಕ್ಕೆ ಕಟ್ಟಿ ಗೆರೆಗೆ ಬಂದಳು. ಮೂರು ಚೂರಿ ಬೊಟ್ಟಿನ ಸುತ್ತ ನಾಟಿದಳು. ಹೆಡ್‌ಮಾಸ್ತರರು ‘ಅರೆರೆರೆ!’ ಅಂದರು. ಆಗ ನಾನು ಹಲಗೆಗೆ ಬೆನ್ನು ಮಾಡಿ, ಹೆಡ್‌ಮಾಸ್ತರರ ಮುಖಕ್ಕೆ ಮುಖ ಕೊಟ್ಟು ನಿಂತೆ. ‘ಈಗ ನೋಡ್ರಿ. ಸಪ್ಪಳಾ ಕೇಳಿ ಹೇಳತೇನಿ.’

ಹಗ್ಗದ ಹತ್ತಿರದ ತಂತಿಯ ಮೇಲೆ ನೀಲವ್ವ ಹಾಸಿಗೆಯ ಚಾದರ ಒಣಹಾಕಿದ್ದಳು. ಗಾಳಿಗೆ ಅದು ಹಾರಿ ಹಲಗೆಯ ಮಗ್ಗುಲಿಗೆ ಬಿದ್ದಿದೆ. ದಿನಾ ಸಂಜೆಯ ಆಟ ಬೆಳಿಗ್ಗೆ ಹತ್ತಕ್ಕೇ ನಡೆದೀತೆಂದು ಅವಳಿಗೇನು ಗೊತ್ತು? ಚಾದರ ಮಣ್ಣಾಯಿತೆಂದು ಬಚ್ಚಲಿನ ಬದಿಯಿಂದ ಹಗ್ಗದೊಳಗೆ ಬಂದಿದ್ದಾಳೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಾನು ಬೆನ್ನು ಮಾಡಿದ್ದೆನಲ್ಲ; ಹೆಡ್‌ಮಾಸ್ತರರು ನನ್ನ ಮುಖವನ್ನೇ ನೋಡುತ್ತಿದ್ದರು.

‘ಅಪ್ಪಾ, ಬಿಡ್ಲ್ಯಾ?’ ಅಂದಳು ಕಸ್ತೂರಿ.

ನಾನು ಹೆಡ್‌ಮಾಸ್ತರರಿಗೆ ಏನೋ ಹೇಳುತ್ತಿದ್ದೆ. ತಡವಾಯಿತು.

‘ಅಪ್ಪಾ… ಬಿಡ್ಲ್ಯಾ?’

ಎರಡನೆಯ ಸಲ. ಮೂರು ವರ್ಷದಲ್ಲಿ ಅವಳು ಎರಡು ಸಲ ಕೇಳಿದವಳಲ್ಲ. ದನಿ ಬೇರೆ ಇತ್ತು. ಬೇರೆ ಇತ್ತು ಎಂದು ನನಗೆ ಕೇಳಿಸಿತು — ಇಲ್ಲಿ ನಾನು ಕಿವಿಗೆ ಬೀಳಲಿಲ್ಲ ಅನ್ನುವ ಹಾಗಿಲ್ಲ. ಕಣ್ಣಂಚಿನಲ್ಲಿ ಅವಳಿಗೆ ಏನೋ ಅಲುಗಾಡಿದ್ದು ಕಂಡಿದೆ. ಕಣ್ಣು ಬೊಟ್ಟಿನಿಂದ ತೆಗೆಯಬಾರದೆಂದು ನಾನೇ ಕಲಿಸಿದ್ದೇನೆ. ಅದಕ್ಕೆ ನನ್ನನ್ನು ಕೇಳುತ್ತಿದ್ದಾಳೆ. ನೋಡ್ರಿ ಅಪ್ಪಾ, ಕಣ್ಣು ನೀವು, ಅನ್ನುತ್ತಿದ್ದಾಳೆ. ನಾನು ತಿಳಿದದ್ದು ಬೇರೆ. ಹೆಡ್‌ಮಾಸ್ತರರ ಮುಂದೆ ಅಂಜಿದಳು, ನನ್ನ ಮರ್ಯಾದೆ ತೆಗೆಯುತ್ತಾಳೆ ಅಂದುಕೊಂಡೆ. ಸಿಟ್ಟು ಬಂತು. ಕತ್ತು ಹೊರಳಿಸಿದ್ದರೆ ಸಾಕಿತ್ತು. ದೇಹ ಕೂಡ ಬೇಡ — ಕತ್ತು.

‘ಬಿಡು!’ ಅಂದೆ. ಮೈದಾನದ ದನಿ.

‘ಠಣ್’ ಅಂತ ಸದ್ದಾಯಿತು.

‘ಹಿಡಿ ಬಡೀತು’ ಅಂದೆ ನಾನು, ಹೆಡ್‌ಮಾಸ್ತರರ ಮುಖ ನೋಡಿ ನಗುತ್ತ. ಸರಿಯಾಗಿಯೇ ಹೇಳಿದ್ದೆ. ತಡವರಿಸಿದ ಕೈಯಿಂದ ಹೋದ ಚೂರಿ ಸುತ್ತು ತಪ್ಪಿ, ಹಿಡಿಯಿಂದ ಬಡಿದು, ಪುಟಿದು, ಚಾದರಕ್ಕೆ ಬಗ್ಗಿದ್ದ ನೀಲವ್ವನ ಬಲಗೈಗೆ ತುದಿಯಿಂದ ಇಳಿದಿತ್ತು. ಅವಳ ಚೀರಾಟ ನನ್ನ ನಗುವಿನ ಮೇಲೇ ಬಂತು.

ಟಂಟಂ ಗಾಡಿಯಲ್ಲಿ ರಾಮದುರ್ಗದ ಆಸ್ಪತ್ರೆಗೆ ಹೋದೆವು. ಅಲ್ಲಿಂದ ಹುಬ್ಬಳ್ಳಿಗೆ. ನಡುವಿನ ಎರಡು ಬೆರಳಿನ ನರ ಕಡಿದಿತ್ತು. ಡಾಕ್ಟರು ಹೊಲಿದರು, ಗಾಯ ಮಾಯಿತು. ಆ ಎರಡು ಬೆರಳು ಮಾತ್ರ ಇಂದಿಗೂ ಮಡಚುವುದಿಲ್ಲ.

ಸುಳ್ಳು ಹುಟ್ಟಿದ್ದು ರಾಮದುರ್ಗದ ಆಸ್ಪತ್ರೆಯ ಬೆಂಚಿನ ಮೇಲೆ. ಕಸ್ತೂರಿ ಎರಡು ಮಾರು ಆಚೆ ಗೋಡೆಗೆ ಒರಗಿ ನಿಂತಿದ್ದಳು, ಲಂಗದ ತುಂಬ ಅವಳವ್ವನ ರಕ್ತ. ಹೆಡ್‌ಮಾಸ್ತರರು ಮೆಲ್ಲಗೆ, ಯಾವ ಆರೋಪವೂ ಇಲ್ಲದೆ, ಸುಮ್ಮನೆ ತಿಳಿಯಲಿಕ್ಕೆ ಅನ್ನುವಂತೆ ಕೇಳಿದರು: ‘ಮಾಸ್ತರ, ನೀವ ಬಿಡು ಅಂದ್ರೆಲ್ರಿ?’

ನನ್ನ ಬಾಯಿ ನನಗಿಂತ ಮುಂಚೆ ಉತ್ತರ ಕೊಟ್ಟಿತು — ಅಂತ ಬರೆದಿದ್ದೆ, ಹೊಡೆದು ಹಾಕುತ್ತೇನೆ. ಬಾಯಿಗೆ ತಾನಾಗಿ ಮಾತು ಬರುವುದಿಲ್ಲ. ನಾನೇ ಹೇಳಿದೆ, ಯೋಚಿಸಿ ಹೇಳಿದೆ: ‘ಬಿಡು ಅಂದೆ ಅಂದ್ರ… ಬ್ಯಾಡ, ಬಿಡು ಅಂದೆರಿ. ಆಕಿ ಒಗಿ ಅಂತ ತಿಳಕೊಂಡ್ಲು.’

ಹೆಡ್‌ಮಾಸ್ತರರು ‘ಅಯ್ಯೋ ಪಾಪ, ಹುಡುಗಿ’ ಅಂದರು. ಕಸ್ತೂರಿ ತಲೆ ಎತ್ತಿ ನನ್ನನ್ನು ನೋಡಿದಳು. ನೋಡುತ್ತಿದ್ದಾಳೆ ಎಂದು ಗೊತ್ತಿತ್ತು. ನಾನು ಅತ್ತ ನೋಡಲಿಲ್ಲ. ಕೊನೆಗೆ ಅವಳು ಅಂದದ್ದು ಇಷ್ಟೇ: ‘ನನಗ ತಿಳೀಲಿಲ್ರಿ ಅಪ್ಪಾ.’

ಅಪ್ಪ ಸುಳ್ಳು ಹೇಳಬಹುದೆಂದು ಆ ಹುಡುಗಿಗೆ ಹೊಳೆಯಲೇ ಇಲ್ಲ. ತನ್ನ ಕಿವಿಯನ್ನೇ ಸುಳ್ಳು ಮಾಡಿಕೊಂಡಳು. ‘ಬಿಡು’ ಅನ್ನುವ ಪದವಾದರೂ ಎಂಥದ್ದು — ಎರಡೂ ಕಡೆ ಕೂರುತ್ತದೆ. ಬೇರೆ ಯಾವ ಪದ ಇಟ್ಟುಕೊಂಡಿದ್ದರೂ ನನಗೆ ಅಡಗಲು ಜಾಗ ಸಿಗುತ್ತಿರಲಿಲ್ಲ. ‘ಒಗಿ’ ಅಂತ ಇಟ್ಟುಕೊಂಡಿದ್ದರೆ ನಾನು ಏನು ಹೇಳುತ್ತಿದ್ದೆ?

ಆಮೇಲೆ ಸುಳ್ಳನ್ನು ಬೆಳೆಸಿದೆ. ನೋಡಲು ಬಂದ ನೆಂಟರು, ನೆರೆಯವರು, ಶಾಲೆಯವರು — ಒಬ್ಬೊಬ್ಬರಿಗೆ ಹೇಳುವಾಗಲೂ ಒಂದಿಷ್ಟು ಸೇರುತ್ತಿತ್ತು. ಕೈ ಅಡ್ಡ ಮಾಡಿದ್ದೆ ಅಂದೆ. ತಿರುಗಿ ನೋಡುತ್ತಲೇ ಇದ್ದೆ ಅಂದೆ. ಜನ ಏನೆಂದರು ಗೊತ್ತೇ? ‘ಎಂಥಾ ತಂದಿರಿ! ಇಷ್ಟಾದ್ರೂ ಮಗಳಿಗೆ ಒಂದು ಮಾತು ಅನಲಿಲ್ಲ.’ ನಾನು ತಲೆ ತಗ್ಗಿಸಿ ಆ ಹೊಗಳಿಕೆಯನ್ನೂ ಇಸಿದುಕೊಂಡೆ. ಒಂದು ದಿನ ಕಸ್ತೂರಿ ಅಳುತ್ತ ಕೂತಾಗ ಅವಳ ತಲೆ ಸವರಿ, ‘ಆಗಿದ್ದು ಆತು. ನಾ ಏನೂ ಮನಸ್ಸಿನ್ಯಾಗ ಇಟ್ಟಿಲ್ಲ’ ಅಂದೆ. ಅಂದರೆ ನಾನು ಅವಳನ್ನು ಕ್ಷಮಿಸಿದೆ. ಥೂ! ತಪ್ಪು ಮಾಡಿದವನು ತಪ್ಪಿಲ್ಲದವಳನ್ನು ಕ್ಷಮಿಸಿದ.

ನಮ್ಮ ಕಡೆ ಊಟವೆಂದರೆ ಜೋಳದ ರೊಟ್ಟಿ. ರೊಟ್ಟಿ ಬಡಿಯಲು ಐದೂ ಬೆರಳು ಬೇಕು. ನೀಲವ್ವ ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಎದ್ದಾಗ ಅಡಿಗೆಮನೆಯಿಂದ ಬಡಿಯುವ ಸದ್ದು ಬಂತು — ಲಯ ಇಲ್ಲದ, ನಿಂತು ನಿಂತು ಬರುವ ಸದ್ದು. ಕಸ್ತೂರಿ ಒಲೆಯ ಮುಂದೆ ಕೂತಿದ್ದಳು. ಅಂದಿನಿಂದ ಮದುವೆಯ ದಿನದವರೆಗೆ ಆ ಜಾಗದಿಂದ ಏಳಲಿಲ್ಲ. ಧಾರವಾಡಕ್ಕೆ ಹೋಗಲಿಲ್ಲ. ‘ಅವ್ವಗ ರೊಟ್ಟಿ ಯಾರು ಬಡೀತಾರ?’ ಅಂದಳು. ದಿನಾ ರೊಟ್ಟಿ ಬಡಿದಿಟ್ಟು ಬಸ್ ಹತ್ತಿ ರಾಮದುರ್ಗದ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದಳು. ಅವಳನ್ನು ಆ ಒಲೆಯ ಮುಂದಿನಿಂದ ಎಬ್ಬಿಸಲು ನನ್ನ ಎರಡೇ ಮಾತು ಸಾಕಿತ್ತು. ಆಡಲಿಲ್ಲ. ಚೂರಿಗಳನ್ನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದೆ.

ಈಟಿಯನ್ನೂ ಮುಟ್ಟಲಿಲ್ಲ. ಈಟಿಯೇನು, ಮತ್ತೆ ಅವಳು ಏನನ್ನೂ ಎಸೆಯಲಿಲ್ಲ. ‘ಬೀಗದ ಕೈ ಒಗಿ ಇತ್ತ’ ಅಂದರೆ ಎದ್ದು ಬಂದು ಕೈಯಲ್ಲಿ ಇಟ್ಟು ಹೋಗುತ್ತಾಳೆ. ಈಗ ಬೈಲಹೊಂಗಲದಲ್ಲಿ ಗಂಡನ ಮನೆ, ಅಲ್ಲಿಯ ಒಂದು ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ. ಮದುವೆಯಾಗಿ ಹನ್ನೆರಡು ವರ್ಷ. ಹದಿನೈದು ದಿನಕ್ಕೊಮ್ಮೆ ಎರಡು ಬಸ್ ಬದಲಿಸಿ ಬರುತ್ತಾಳೆ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಗಂಟು ತಂದು ಅವ್ವನ ಮುಂದೆ ಇಡುತ್ತಾಳೆ. ಹನ್ನೆರಡು ವರ್ಷ, ಒಂದು ಸಲವೂ ತಪ್ಪಿಸಿಲ್ಲ. ಆ ರೊಟ್ಟಿ ನಾನೂ ತಿಂದಿದ್ದೇನೆ.

ಹಾಗೆಯೇ ತಿಂದು ಸಾಯುತ್ತಿದ್ದೆನೋ ಏನೋ. ಈ ಬೇಸಿಗೆಯ ರಜೆಯಲ್ಲಿ ಮೊಮ್ಮಗಳು ಸೃಷ್ಟಿ ನಮ್ಮಲ್ಲಿಗೆ ಬಂದಳು. ಒಂಬತ್ತು ವರ್ಷ; ಮುಚ್ಚಿದ ಯಾವುದನ್ನೂ ಮುಚ್ಚಿದ ಹಾಗೆ ಬಿಡುವವಳಲ್ಲ. ಟ್ರಂಕಿನ ಬೀಗ ತುಕ್ಕು ಹಿಡಿದು ಸಡಿಲವಾಗಿತ್ತು. ಚೂರಿ ಹಿಡಿದು ಹಿತ್ತಲಿಗೆ ಓಡಿ ಬಂದಳು: ‘ಅಜ್ಜಾ, ಇದು ಏನು?’ ಅದೇ ದಿನ ಕಸ್ತೂರಿಯೂ ಬಂದಿದ್ದಳು. ಮಗಳ ಕೈಯಲ್ಲಿ ಅದನ್ನು ಕಂಡು ಮೊದಲು ಕಿರುಚಿದಳು. ಆಮೇಲೆ ಅವಳನ್ನು ಮುಂದೆ ಕೂರಿಸಿಕೊಂಡು, ಶಾಂತವಾಗಿ, ಪಾಠ ಹೇಳಿದಂತೆ ಹೇಳಿದಳು:

‘ಸೃಷ್ಟಿ, ನಿಮ್ಮ ಆಯಿ ಬೆರಳು ಯಾಕ ಮಡಚಂಗಿಲ್ಲ ಅಂತ ಕೇಳತಿದ್ದೆಲ್ಲ? ನನ್ನಿಂದ ಹಂಗ ಆಗೈತಿ. ಅಜ್ಜ ಬಿಡು ಅಂದ್ರು, ನಾ ಲಕ್ಷ್ಯ ಕೊಡಲಿಲ್ಲ, ಒಗದೆ. ದೊಡ್ಡವರು ಹೇಳಿದ್ದು ಸರಿಯಾಗಿ ಕೇಳಬೇಕು. ತಿಳೀತಿಲ್ಲೊ?’

ಮಗು ತನ್ನ ತಾಯಿಯ ಕೈಯನ್ನು ನೋಡಿತು. ಆಮೇಲೆ ತನ್ನ ಆಯಿಯ, ಅಂದರೆ ಅಜ್ಜಿ ನೀಲವ್ವನ, ಕೈಯನ್ನು ನೋಡಿತು. ತಾಯಿಯನ್ನು ನೋಡಿದ ಆ ನೋಟ — ಸ್ವಲ್ಪ ಹಿಂದೆ ಸರಿದಂಥ ನೋಟ — ನನಗೆ ತಡೆಯಲಾಗಲಿಲ್ಲ. ಒಂದು ಸುಳ್ಳು ನನ್ನ ಕಣ್ಣೆದುರಿಗೇ ಮೂರನೆಯ ತಲೆಮಾರಿಗೆ ಇಳಿಯಿತು. ಆದರೂ ಆ ಹೊತ್ತಿಗೆ ನನಗೆ ಬಾಯಿ ಬರಲಿಲ್ಲ. ಕಸ್ತೂರಿ ಮಗಳನ್ನು ಕರೆದುಕೊಂಡು ಸಂಜೆಯ ಬಸ್ಸಿಗೆ ಹೋದಳು.

ಮೊದಲು ನೀಲವ್ವನಿಗೆ ಹೇಳಿದೆ. ಮರುದಿನ ಬೆಳಿಗ್ಗೆ, ಅವಳು ಕಾಳು ಆರಿಸುತ್ತ ಕೂತಿದ್ದಳು. ಎದುರು ಕೂತು ಎಲ್ಲ ಹೇಳಿದೆ. ಅವಳು ಆರಿಸುವುದನ್ನು ನಿಲ್ಲಿಸಲಿಲ್ಲ. ಅಳುತ್ತಾಳೆಂದು ತಿಳಿದಿದ್ದೆ, ಬೈಯುತ್ತಾಳೆಂದು ತಿಳಿದಿದ್ದೆ. ಕೊನೆಗೆ ಅಂದಳು:

‘ನನಗ್ಯಾಕ ಹೇಳಾಕ ಹತ್ತೀರಿ? ನನ್ನ ಬೆರಳು ನಿಮ್ಮಿಂದ ಹೋದ್ರೇನು, ಆಕಿಯಿಂದ ಹೋದ್ರೇನು, ನನಗ ಎರಡೂ ಒಂದ. ನಂದು ಎರಡು ಬೆರಳು ಹೋದುವು. ಆಕೀದು ಇಡೀ ಕೈ ಹೋತಲ್ರಿ. ಆಕಿಗೆ ಹೋಗಿ ಹೇಳ್ರಿ.’ ಒಂದು ಹರಳು ಆರಿಸಿ ಪಕ್ಕಕ್ಕಿಟ್ಟು, ‘ಮತ್ತ ನಾ ಬರಂಗಿಲ್ಲ ನಿಮ್ಮ ಜೋಡಿ. ಒಬ್ಬರ ಹೇಳ್ರಿ’ ಅಂದಳು. ಅದಾದ ಮೇಲೆ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಕಸ್ತೂರಿ ಮಗಳೊಂದಿಗೆ ಮತ್ತೆ ಬಂದಾಗ ಹಿತ್ತಲಿಗೆ ಕರೆದೆ. ಮಾವಿನ ಹಲಗೆ ಎಂದೋ ಗೆದ್ದಲು ತಿಂದು ಹೋಗಿದೆ. ಅದನ್ನು ನಿಲ್ಲಿಸಿದ್ದ ಕಂಬ ಮಾತ್ರ ಇದೆ. ಅಲ್ಲಿ ನಿಂತು ಹೇಳಿದೆ. ನಾನು ಜೋರು ದನಿಯ ಮನುಷ್ಯ, ಅಂದು ಜೋರಾಗಿಯೇ ಹೇಳಿದೆ. ಸೃಷ್ಟಿಗೂ ಕೇಳಿಸಲಿ ಎಂದು ಅವಳನ್ನೂ ನಿಲ್ಲಿಸಿಕೊಂಡಿದ್ದೆ. ‘ನಾ ಬಿಡು ಅಂದಿದ್ದು ಒಗಿ ಅಂತನ. ನೀ ಸರಿಯಾಗಿ ಕೇಳಿದ್ದಿ. ನಾ ತಿರುಗಿ ನೋಡಲಿಲ್ಲ. ಆಸ್ಪತ್ರಿಯೊಳಗ ಸುಳ್ಳು ಹೇಳಿದೆ.’

ಕಸ್ತೂರಿ ಬಂದು ಕಂಬದ ಮೇಲೆ ಕೈ ಇಟ್ಟಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

‘ನಾ ಎರಡು ಸಲ ಕೇಳಿದ್ನಿ. ಹೌದಲ್ರಿ?’

ಮೂವತ್ತೈದು ವರ್ಷದ ಹೆಂಗಸಿನ ದನಿಯಲ್ಲ ಅದು. ಗೆರೆಯ ಮೇಲೆ ನಿಂತಿದ್ದ ಹುಡುಗಿಯ ದನಿ. ಇಷ್ಟು ವರ್ಷ ಅವಳು ಅದನ್ನೇ ತನ್ನೊಳಗೆ ತಿರುವಿ ತಿರುವಿ ನೋಡಿದ್ದಾಳೆ — ಕೇಳಿದ್ದು ಒಂದು ಸಲವೋ ಎರಡು ಸಲವೋ, ಕೇಳಿದ್ದು ನಿಜವೋ ತನ್ನ ತಪ್ಪು ಮುಚ್ಚಲು ತಾನೇ ಕಟ್ಟಿಕೊಂಡದ್ದೋ. ಯಾರನ್ನೂ ಕೇಳಲಾಗದ ಪ್ರಶ್ನೆ. ಉತ್ತರ ಗೊತ್ತಿದ್ದವನು ನಾನೊಬ್ಬ.

‘ಹೌದವ್ವಾ. ಎರಡು ಸಲ ಕೇಳಿದಿ.’

ಅವಳು ಕಂಬ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿ ಕೂತು ಅತ್ತಳು. ನಾನು ತಲೆ ಸವರಲು ಹೋಗಲಿಲ್ಲ. ಆ ಹಕ್ಕನ್ನು ಹಿಂದೊಮ್ಮೆ ದುರುಪಯೋಗ ಮಾಡಿಕೊಂಡಿದ್ದೆ. ಸೃಷ್ಟಿ ಹೋಗಿ ಅವಳ ಮಗ್ಗುಲಲ್ಲಿ ಕೂತಳು.

ಅತ್ತು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ‘ಕ್ಷಮಾ ಗಿಮಾ ಕೇಳಬ್ಯಾಡ್ರಿ ಅಪ್ಪಾ. ಸದ್ಯ ನನ್ನ ಕಡೆ ಇಲ್ಲ ಅದು. ಮುಂದ ಬರತೈತೋ ಇಲ್ಲೋ ಗೊತ್ತಿಲ್ಲ. ಆದ್ರ ಊರ ಮುಂದ ಹೇಳೀರೆಲ್ಲ — ಅದನ್ನ ಊರ ಮುಂದ ವಾಪಸ್ ತಗೋರಿ. ಪೂರ್ತಿ. ನಿಮಗ ಬೇಕಾದಷ್ಟ ಅಲ್ಲ.’ ಬಾಗಿಲವರೆಗೆ ಹೋಗಿ ತಿರುಗಿ, ‘ಮತ್ತ ಇನ್ನ ಮ್ಯಾಲೆ ನಾ ರೊಟ್ಟಿ ತರಂಗಿಲ್ಲ’ ಅಂದಳು.

ಹೇಳಿದ ಹಾಗೆ ಶುರುಮಾಡಿದ್ದೇನೆ. ನೆಂಟರ ಮನೆಗಳಿಗೆ ಹೋಗಿ ಹೇಳಿದೆ. ಬದುಕಿರುವ ಹಳೆಯ ಸಹೋದ್ಯೋಗಿಗಳಿಗೆ ಹೇಳಿದೆ. ಬಸ್ ಹತ್ತಿ ಸವದತ್ತಿಗೆ ಹೋಗಿ ಆ ಹೆಡ್‌ಮಾಸ್ತರರನ್ನು ಹುಡುಕಿದೆ. ಅವರಿಗೀಗ ಎಂಬತ್ತರ ಸಮೀಪ. ಯಾರ ಮುಂದೆ ಸಣ್ಣವನಾಗಬಾರದೆಂದು ಮಗಳನ್ನು ಬಲಿ ಕೊಟ್ಟೆನೋ ಅವರ ಮುಂದೆ ಕೂತು, ಒಂದು ಮಾತೂ ಬಿಡದೆ ಹೇಳಿದೆ. ಅವರು ಕಿವಿಗೆ ಕೈ ಹಚ್ಚಿ ಪೂರಾ ಕೇಳಿಸಿಕೊಂಡು ಅಂದರು: ‘ಹೌದೇನ್ರಿ ಮಾಸ್ತರ? ನಿಮ್ಮ ಮನಿಯವರ ಕೈಗೆ ಪೆಟ್ಟಾಗಿದ್ದು ನೆನಪೈತಿ. ನೀವು ಏನಂದ್ರಿ ಅನ್ನೂದು… ನನಗ ನೆನಪಿಲ್ರಿ.’

ಅವರಿಗೆ ನೆನಪೇ ಇಲ್ಲ. ನಾನು ಚಹಾ ಕುಡಿಯದೆ ಎದ್ದು ಬಂದೆ.

ಉಳಿದವರಿಗೆಂದು ಇದನ್ನು ಬರೆದಿದ್ದೇನೆ. ನನ್ನ ಕೈಕೆಳಗೆ ಕಲಿತವರು ನೂರಾರು ಮಂದಿ ಇದ್ದಾರೆ. ಹೆಬ್ಬೆರಳು ಗೆರೆ ದಾಟಿತೆಂದು ನಾನು ಬಿಸಿಲಲ್ಲಿ ನಿಲ್ಲಿಸಿದವರು. ಓದಿರಿ. ನಿಮ್ಮ ಮಾಸ್ತರ ಗೆರೆ ದಾಟಿ ಹತ್ತೊಂಬತ್ತು ವರ್ಷ ನಿಂತಿದ್ದ. ಫೌಲ್ ಅನ್ನುವವರು ಯಾರೂ ಇರಲಿಲ್ಲ, ಅಷ್ಟೆ.

ಕಳೆದ ಭಾನುವಾರ ಕಸ್ತೂರಿ ಸೃಷ್ಟಿಯನ್ನು ಕರೆದುಕೊಂಡು ಬಂದಳು. ಕೈಯಲ್ಲಿ ರೊಟ್ಟಿಯ ಗಂಟಿರಲಿಲ್ಲ. ಗಂಟು ಇರಬೇಕಾದ ಕೈಯಲ್ಲಿ ಎಲ್ಲಿಂದಲೋ ಕೊಯ್ಸಿ, ಹಿಂದಿನ ದಿನವೇ ನೆನೆಸಿ ತಂದ ಹೊಸ ಮಾವಿನ ಹಲಗೆ ಇತ್ತು. ಹಲಗೆಯನ್ನು ಕಂಬಕ್ಕೆ ಕಟ್ಟಿ, ಟ್ರಂಕಿನಿಂದ ಚೂರಿ ತೆಗೆದಳು. ನಾನು ಹಿತ್ತಲ ಬಾಗಿಲಿಗೆ ಬಂದು ನಿಂತೆ. ‘ನೀವ ಒಳಗ ಹೋಗ್ರಿ’ ಅಂದಳು. ‘ಕಣ್ಣು ಸೃಷ್ಟಿ ಆಗತಾಳ.’

ಒಳಗೆ ಹೋದೆ. ಒಲೆಯ ಮುಂದೆ ಕೂತೆ. ಒಂದು ತಿಂಗಳಿಂದ ರೊಟ್ಟಿ ಬಡಿಯುವುದು ನಾನೇ. ನೀಲವ್ವ ಮಗ್ಗುಲಲ್ಲಿ ಕೂತು ‘ಅಂಚು ಹರದೈತಿ ನೋಡ್ರಿ, ಅದೇನು ಡ್ರಿಲ್ ಅಲ್ಲ’ ಅಂತ ತಿದ್ದುತ್ತಾಳೆ. ಅಡಿಗೆಮನೆಯ ಕಿಟಕಿ ಹಿತ್ತಲಿಗೆ ತೆರೆಯುತ್ತದೆ. ಕಿಟಕಿಗೆ ಬೆನ್ನು ಮಾಡಿ ಕೂತಿದ್ದೆ. ಹೊರಗೆ ಕಸ್ತೂರಿ ಹೆಜ್ಜೆ ಎಣಿಸುವುದು ಕೇಳಿಸಿತು. ಏಳು.

‘ಬಿಡು ಅನ್ನಬಾರದು’ ಅಂತ ಮಗಳಿಗೆ ಹೇಳುತ್ತಿದ್ದಳು. ‘ಒಗಿ ಅಂದ್ರ ಒಗಿ. ತಡಿ ಅಂದ್ರ ತಡಿ. ನಾ ಬೊಟ್ಟು ನೋಡತಿರತೇನಿ, ಉಳಿದದ್ದೆಲ್ಲಾ ನೀ ನೋಡಬೇಕು.’

ಆಮೇಲೆ, ‘ಒಗೀಲ್ಯಾ?’

‘ತಡಿ ಮಮ್ಮಿ! ಬೆಕ್ಕು ಹೊಂಟೈತಿ.’ ಒಂದು ಕ್ಷಣ. ಎರಡು ಕ್ಷಣ. ‘ಹೋತು. ಈಗ ಒಗಿ.’

‘ಠಣ್.’

ಹಿಡಿ ಬಡಿಯಿತು. ನನಗೆ ಗೊತ್ತಾಯಿತು, ಬಾಯಿ ಮುಚ್ಚಿಕೊಂಡು ಕೂತೆ. ನೀಲವ್ವ ಮಡಚದ ಬೆರಳಿನ ಕೈಯಿಂದ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಹೊರಗೆ ಕಸ್ತೂರಿ ನಡೆದು ಹೋಗಿ ಚೂರಿ ಎತ್ತಿಕೊಂಡಳು, ತಿರುಗಿ ಗೆರೆಗೆ ಬಂದಳು.

‘ಒಗೀಲ್ಯಾ?’ ಅಂದಳು.

ಕೇಳಿದ್ದು ನನ್ನನ್ನಲ್ಲ.